ಊರಿನ ಆ ಒಂದು ಓಟು

ಚುನಾವಣೆಯ ದಿನ ವರ್ಲಿನ್ ಶ್ರಾಗ್ ಹಾಸಿಗೆ ಬಿಟ್ಟು ಏಳುವುದು ಹತ್ತು ನಿಮಿಷ ತಡವಾಯಿತು. ಆ ಹತ್ತು ನಿಮಿಷದಲ್ಲಿ ಅರ್ಡಿತ್‌ಳ ಬೇಕರಿಯಲ್ಲಿ ಆನೆಗಳೆಲ್ಲ ಖಾಲಿಯಾದವು.

ಆನೆ ಎಂದರೆ ಬಿಸ್ಕತ್ತು. ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ಅರ್ಡಿತ್ ಎರಡು ಬಗೆ ಬಿಸ್ಕತ್ತು ಮಾಡುತ್ತಾಳೆ. ರಿಪಬ್ಲಿಕನ್ನರ ಆನೆಗೆ ಕೆಂಪು ಸಕ್ಕರೆ, ಡೆಮಾಕ್ರಟರ ಕತ್ತೆಗೆ ನೀಲಿ. ಒಂದು ಮಾರಿದರೆ ಕಿಟಕಿಯಲ್ಲಿಟ್ಟ ಸ್ಲೇಟಿನ ಮೇಲೆ ಒಂದು ಗೀಟು. ಕ್ಯಾನ್ಸಸ್‌ನ ಕೂಪರ್ ಕ್ರಾಸಿಂಗ್‌ನಂಥ ಊರಿನಲ್ಲಿ ಆನೆಯ ಕಡೆ ಗೀಟು ಹಾಕಲು ಜಾಗ ಸಾಲುವುದಿಲ್ಲ, ಕತ್ತೆಯ ಕಡೆ ಸ್ಲೇಟು ತೊಳೆಯುವ ಕೆಲಸವೇ ಬೀಳುವುದಿಲ್ಲ. ಆದರೂ ಅರ್ಡಿತ್ ನ್ಯಾಯ ಬಿಡುವವಳಲ್ಲ, ಎರಡನ್ನೂ ಮಾಡುತ್ತಾಳೆ. ಉಳಿದ ಕತ್ತೆಗಳನ್ನು ಅವಳ ಕೋಳಿಗಳು ತಿನ್ನುತ್ತವೆ.

"ಎರಡು ಡಜನ್ ಆನೆ ಕೊಡು ಅರ್ಡಿತ್, ಬೇಗ," ಎಂದ ವರ್ಲಿನ್. ಧಾನ್ಯ ಸಹಕಾರ ಸಂಘದ ಆಫೀಸಿಗೆ ಆ ದಿನ ತಿಂಡಿ ತರುವ ಸರದಿ ಅವನದು.

"ಆನೆ ಮುಗೀತಪ್ಪ. ಕತ್ತೆ ಇದೆ. ಸರಿಯಾಗಿ ಇಪ್ಪತ್ನಾಲ್ಕು."

"ಕತ್ತೆ ಹಿಡ್ಕೊಂಡು ಆಫೀಸಿಗೆ ಹೋಗ್ಲಾ?"

"ಹಿಟ್ಟು ಅದೇ, ಬೆಣ್ಣೆ ಅದೇ. ಹೊಟ್ಟೆಗೆ ಹೋದ್ಮೇಲೆ ಯಾವ ಪಕ್ಷ?"

ಬರಿಗೈಲಿ ಹೋಗುವುದಕ್ಕಿಂತ ವಾಸಿ ಎಂದು ವರ್ಲಿನ್ ಡಬ್ಬ ಎತ್ತಿಕೊಂಡ. ಅರ್ಡಿತ್ ಸೀಮೆಸುಣ್ಣ ಎತ್ತಿಕೊಂಡಳು.

"ಅಯ್ಯೋ, ಗೀಟು ಹಾಕ್ಬೇಡ! ಇದು ಓಟಲ್ಲ, ತಿಂಡಿ!"

"ಮಾರಿದ್ಮೇಲೆ ಹಾಕ್ಲೇಬೇಕು. ಇಷ್ಟು ವರ್ಷದಲ್ಲಿ ನಾನು ಒಂದು ಸುಳ್ಳು ಗೀಟು ಹಾಕಿದೋಳಲ್ಲ," ಎಂದು ಅವಳು ಇಪ್ಪತ್ನಾಲ್ಕು ಗೀಟುಗಳನ್ನು ನಿಧಾನವಾಗಿ, ದೂರಕ್ಕೂ ಕಾಣುವಂತೆ ಎಳೆದಳು.

ಇಷ್ಟಕ್ಕೆಲ್ಲ ಹೆದರಬೇಕೇ? ಹೆದರಬೇಕು. ಕೂಪರ್ ಕ್ರಾಸಿಂಗ್‌ನಲ್ಲಿ ಮತ ಎಣಿಸಿ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಕಳೆದ ಐದು ಚುನಾವಣೆಗಳಲ್ಲೂ ಆ ಚೀಟಿಯಲ್ಲಿ ಕತ್ತೆಗೆ ಬಂದದ್ದು ಒಂದು ಓಟು. ಎರಡೂ ಅಲ್ಲ, ಸೊನ್ನೆಯೂ ಅಲ್ಲ. ಇಪ್ಪತ್ತು ವರ್ಷದಿಂದ ಊರು ಆ ಒಬ್ಬನನ್ನು ಹುಡುಕುತ್ತಿದೆ. ಪಾದ್ರಿಯ ಮೇಲೆ ಅನುಮಾನ ಬಂದು, ಆತ ವರ್ಗವಾಗಿ ಹೋದ ಮೇಲೂ ಓಟು ಬಂದಿತ್ತು.

ಅದೂ ಅಲ್ಲದೆ ಮಾರನೆಯ ದಿನ ಸಂಘದ ಬೋರ್ಡು ಹೊಸ ಮ್ಯಾನೇಜರನ್ನು ಆರಿಸಲಿತ್ತು. ಇಪ್ಪತ್ತಾರು ವರ್ಷ ಲಾರಿ ತೂಗಿದ ವರ್ಲಿನ್‌ಗೆ ಆ ಕುರ್ಚಿ ಬಹುತೇಕ ಸಿಕ್ಕಂತೆಯೇ ಇತ್ತು. ನಿವೃತ್ತರಾಗಲಿದ್ದ ಮ್ಯಾನೇಜರ್ ಡ್ವೈಟ್ ರೆಂಪೆಲ್ ಕೂಡ, "ರೈತರು ನಂಬೋ ಮನುಷ್ಯ ಬೇಕು, ಅಂದ್ರೆ ನೀನೇ," ಎಂದಿದ್ದರು.

ಒಂಬತ್ತೂವರೆಗೆ ಸ್ಲೇಟಿನ ಸುದ್ದಿ ತೂಕದ ಕಟ್ಟೆಗೆ ಬಂತು. ತಂದವನು ರೈತ ಎಲ್ಡನ್, ಜೋಳದ ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ.

"ಏನಯ್ಯಾ ವರ್ಲಿನ್, ಕೊನೆಗೂ ಸಿಕ್ಕಿಬಿದ್ದೆ! ರೇಡಿಯೋದಲ್ಲಿ ಹೇಳ್ತಿದ್ರು, ಕ್ಯಾನ್ಸಸ್‌ನಲ್ಲಿ ಕತ್ತೆ ಪಕ್ಷದ ಆ ಸೆನೆಟರ್ ಟಾಲ್ಬರ್ಟ್ ಗೆಲ್ಲೋ ಸಾಧ್ಯತೆ ನೂರಕ್ಕೆ ಎರಡಂತೆ. ಆ ಎರಡರಲ್ಲಿ ಒಂದು ನೀನೇ ಅಂತ ಗೊತ್ತಿರ್ಲಿಲ್ಲ ನೋಡು."

"ಆನೆ ಖಾಲಿಯಾಗಿತ್ತು ಮಾರಾಯ!"

"ಹೌದೌದು. ನನ್ನ ಜೋಳ ಆದ್ರೂ ನೆಟ್ಟಗೆ ತೂಗು."

ವರ್ಲಿನ್ ಓಡಿಹೋಗಿ ಮೇಜಿನ ಕೆಳಗಿನ ಡ್ರಾಯರಿನಿಂದ ಹಳೆಯ ಆನೆ ಬ್ಯಾಡ್ಜೊಂದನ್ನು ಹುಡುಕಿ ಅಂಗಿಗೆ ಚುಚ್ಚಿಕೊಂಡ. ಅದು ಇನ್ನೂ ಕೆಟ್ಟಿತು. ಡ್ವೈಟ್ ಕನ್ನಡಕದ ಮೇಲಿಂದ ನೋಡಿ, "ಇಷ್ಟು ವರ್ಷ ಹಾಕದವನು ಇವತ್ತೇ ಯಾಕಪ್ಪ ಹಾಕ್ಕೊಂಡೆ?" ಎಂದರು. ಬಿಸ್ಕತ್ತಿನ ಡಬ್ಬವನ್ನು ಯಾರೂ ಮುಟ್ಟಲಿಲ್ಲ. ಅದು ಕಾಫಿ ಯಂತ್ರದ ಪಕ್ಕ, ಮೈಲಿಗೆಯ ಪದಾರ್ಥದ ಹಾಗೆ ಕುಳಿತಿತ್ತು.

ಹನ್ನೊಂದಕ್ಕೆ ಹೆಂಡತಿ ಲವೋನ್ ಶಾಲೆಯ ಲೈಬ್ರರಿಯಿಂದ ಫೋನ್ ಮಾಡಿದಳು. ಅವಳ ದನಿ ಏನೋ ಬೇರೆಯಾಗಿತ್ತು.

"ಎಲ್ಲರೂ ನಿನ್ನನ್ನೇ ಅಂತಿದ್ದಾರಂತೆ?"

"ಹೌದು ಕಣೇ. ರಾತ್ರಿ ಆ ಚೀಟೀಲಿ ಮತ್ತೆ ಒಂದು ಅಂತ ಬಂತೋ, ನನ್ನ ಕಥೆ ಮುಗೀತು. ಆ ಪಾಪಿ ಯಾರೋ, ಇದೊಂದು ಸಲ ಜ್ವರ ಬಂದು ಮಲಗಬಾರದಾ?"

"ಚಿಂತೆ ಮಾಡ್ಬೇಡ," ಎಂದಳು ಲವೋನ್. "ಎಲ್ಲಾ ಸರಿಹೋಗತ್ತೆ."

ಮಧ್ಯಾಹ್ನ ಅಂಚೆ ಕಚೇರಿಗೆ ಹೋದಾಗ ದಿನದ ಬಣ್ಣವೇ ಬದಲಾಯಿತು. ಅಂಚೆ ಕಚೇರಿಯ ಲೊರೇನ್ ಊರಿನ ಅರ್ಧ ಗಾಸಿಪ್ಪಿನ ಒಡತಿ. ಇನ್ನರ್ಧವೂ ಅವಳ ಕೈ ದಾಟಿಯೇ ಹೋಗಬೇಕು. ಅವಳು ಸುತ್ತ ನೋಡಿ, ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದಳು.

"ವರ್ಲಿನ್, ನೀನು ಧೈರ್ಯವಂತ ಕಣಪ್ಪ. ಈ ಸಲ ನಂದೂ ಕತ್ತೆಗೇ."

"ಲೊರೇನ್, ನಾನು..."

"ಸುಮ್ನಿರು. ಜಿಲ್ಲಾ ಆಸ್ಪತ್ರೆ ಮುಚ್ಚಿದ್ಮೇಲೆ ನನ್ನ ಮಗಳು ಹೆರಿಗೆಗೆ ಅರವತ್ತು ಮೈಲಿ ಹೋಗ್ಬೇಕಾಯ್ತು. ದಾರೀಲೇ, ಕಾರಲ್ಲೇ ಹೆತ್ತಳು. ಟಾಲ್ಬರ್ಟ್ ಆಸ್ಪತ್ರೆ ಮತ್ತೆ ತೆರೆಸ್ತೀನಿ ಅಂತಾನೆ. ಕೌದಿ ಹೊಲಿಯೋ ನಮ್ಮ ಗುಂಪಲ್ಲಿ ಇನ್ನೂ ಆರು ಜನ ಇದ್ದಾರೆ. ಯಾರಿಗೂ ಹೇಳ್ಬೇಡ."

ಎರಡು ಗಂಟೆಗೆ ಡ್ವೈಟ್ ಅವನನ್ನು ಕರೆದು ಬಾಗಿಲು ಹಾಕಿದರು. ಕೆಲಸ ಹೋಯಿತೆಂದೇ ವರ್ಲಿನ್ ಅಂದುಕೊಂಡ. ಡ್ವೈಟ್ ಗಂಟಲು ಸರಿಮಾಡಿಕೊಂಡು, "ನೋಡಯ್ಯಾ, ನನಗೂ ಎಪ್ಪತ್ತಾಯ್ತು, ಎದೆ ನೋವಿದೆ. ಆಸ್ಪತ್ರೆ ಹತ್ತಿರ ಇರ್ಬೇಕು. ಈ ಸಲ ನಾನೂ ನಿನ್ನ ಕಡೆ. ಇದು ಈ ಕೋಣೆ ದಾಟಬಾರದು," ಎಂದರು. ಮೂರೂವರೆಗೆ ಎರಡನೆಯ ಲಾರಿ ತಂದ ಎಲ್ಡನ್ ಇಂಜಿನ್ ಆರಿಸಿ ಕೆಳಗಿಳಿದು, ತಾನೂ ತನ್ನ ತಮ್ಮನೂ ಕತ್ತೆಗೇ ಎಂದು ಸನ್ನೆಯಲ್ಲೇ ಹೇಳಿದ. ಬೆಳಿಗ್ಗೆ ಅಷ್ಟು ಅಬ್ಬರಿಸಿದವನು ಈಗ ಹೆಂಡತಿಗೆ ಗೊತ್ತಾಗದಂತೆ ಸಿಗರೇಟು ಸೇದುವವನ ಹಾಗಿದ್ದ.

ಐದು ಗಂಟೆಗೆ ವರ್ಲಿನ್ ಕಾಫಿ ಯಂತ್ರದ ಹತ್ತಿರ ಹೋದ. ಡಬ್ಬದಲ್ಲಿ ಒಂದೇ ಒಂದು ಕತ್ತೆ ಉಳಿದಿತ್ತು. ಯಾರು ಯಾವಾಗ ತಿಂದರೋ ಒಬ್ಬರೂ ಕಂಡಿರಲಿಲ್ಲ.

ಅವನು ಡಬ್ಬವನ್ನು ಒಯ್ದು ಕಾರಿನಲ್ಲಿಟ್ಟು, ಬೆರಳು ಮಡಚಿ ಎಣಿಸಿದ. ಲೊರೇನ್ ಮತ್ತು ಆರು ಜನ, ಡ್ವೈಟ್, ಅಣ್ಣತಮ್ಮಂದಿರಿಬ್ಬರು. ಒಟ್ಟು ಹತ್ತು. ಇದರ ಜೊತೆಗೆ ಆ ಹಳೆಯ ಒಬ್ಬ. ರೇಡಿಯೋದವರಿಗೆ ಏನು ಗೊತ್ತು? ಇಷ್ಟು ಸಣ್ಣ ಊರಿನಲ್ಲೇ ಇಷ್ಟು ಜನರಿದ್ದರೆ ಇಡೀ ಕ್ಯಾನ್ಸಸ್‌ನಲ್ಲಿ ಎಷ್ಟಿರಬೇಡ! ಹನ್ನೊಂದು ಓಟು ಬಿದ್ದರೆ ಒಬ್ಬನನ್ನು ಹುಡುಕುವವರು ಯಾರು?

ಚರ್ಚಿನ ನೆಲಮಾಳಿಗೆಯ ಮತಗಟ್ಟೆಯಲ್ಲಿ ಕಾಗದ ಬಿಡಿಸಿ ಕೂತಾಗ ಅವನ ಪೆನ್ನು ಅಭ್ಯಾಸದಂತೆ ಆನೆಯ ಕಡೆಗೆ ಹೋಯಿತು. ಅಲ್ಲೇ ನಿಂತಿತು. ಮೂವತ್ತು ವರ್ಷದಿಂದ ಓಟು ಹಾಕುತ್ತಿದ್ದರೂ ತಾನು ಒಮ್ಮೆಯೂ ಆರಿಸಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಅಪ್ಪ ಹಾಕುತ್ತಿದ್ದ, ಅವನೂ ಹಾಕಿದ, ಅಷ್ಟೇ. ಇವತ್ತು ಮೊದಲ ಸಲ ಜನ ಅವನನ್ನು ಸ್ವಂತ ವಿಚಾರವಿರುವ ಮನುಷ್ಯನೆಂದು ನೋಡಿದ್ದರು. ಬೈದವರೂ ಹಾಗೆಯೇ ನೋಡಿ ಬೈದಿದ್ದರು. ಯಾರನ್ನಾದರೂ ದಿನವಿಡೀ ಹಾಗೆ ನೋಡಿದರೆ ಸಂಜೆಯ ಹೊತ್ತಿಗೆ ಅವನು ನಿಜವಾಗಿಯೂ ಯೋಚಿಸತೊಡಗುತ್ತಾನೆ. ದಾರಿಯಲ್ಲಿ ಹುಟ್ಟಿದ ಲೊರೇನ್‌ಳ ಮೊಮ್ಮಗು ನೆನಪಾಯಿತು. ಹತ್ತು ಜನ ತನ್ನನ್ನು ನಂಬಿ ಗುಟ್ಟು ಹೇಳಿದ್ದು ನೆನಪಾಯಿತು. ಅವರನ್ನು ಹಾಗೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಟಾಲ್ಬರ್ಟ್ ಹೆಸರಿನ ಪಕ್ಕ ಓಟಿನ ಗುರುತಿಗೆಂದು ಬಿಟ್ಟ ಸೊನ್ನೆಯನ್ನು ಅವನು ಗಟ್ಟಿಯಾಗಿ ಕಪ್ಪು ಮಾಡಿದ.

ಏಳಕ್ಕೆ ಮತದಾನ ಮುಗಿದು, ಸ್ವಲ್ಪ ಹೊತ್ತಿನಲ್ಲೇ ಬಾಗಿಲಿಗೆ ಚೀಟಿ ಬಂತು. ಊರೆಲ್ಲ ಕುತ್ತಿಗೆ ಉದ್ದ ಮಾಡಿತು.

ಆನೆ ನೂರ ಎಂಬತ್ತೊಂಬತ್ತು. ಕತ್ತೆ ಒಂದು.

ವರ್ಲಿನ್ ಎರಡು ಸಲ ಓದಿದ. ಆಮೇಲೆ ತಿರುಗಿ ನೋಡಿದ. ಎಲ್ಡನ್ ತನ್ನ ಬೂಟನ್ನು ಪರೀಕ್ಷಿಸುತ್ತಿದ್ದ. ಕೌದಿಯ ಗುಂಪು ಆಕಾಶ ನೋಡುತ್ತಿತ್ತು. ಪಾಪ, ಅವರು ಸುಳ್ಳು ಹೇಳಿರಲಿಲ್ಲ. ಮಧ್ಯಾಹ್ನ ನಿಜವಾಗಿಯೂ ಹಾಗೆ ಅಂದುಕೊಂಡಿದ್ದರು. ಕಾಗದ ಎದುರಿಗೆ ಬಂದಾಗ ಕೈ ಹಳೆಯ ದಾರಿ ಹಿಡಿದಿತ್ತು.

"ಮತ್ತೆ ಒಂದಾ! ಯಾರಪ್ಪಾ ಅದು!" ಎಂದು ಲೊರೇನ್ ಎಲ್ಲರಿಗಿಂತ ಜೋರಾಗಿ ಕೂಗಿದಳು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

ಡ್ವೈಟ್ ಹತ್ತಿರ ಬಂದು, ಅವನ ಮುಖ ನೋಡದೆ, "ನಾಳೆ ಬೋರ್ಡಿನವರಿಗೆ ನಾನೇನು ಹೇಳ್ಲಯ್ಯಾ?" ಎಂದರು.

ವರ್ಲಿನ್‌ನ ಬಾಯಲ್ಲಿ ಹತ್ತು ಜನರ ಗುಟ್ಟಿತ್ತು. "ತೋಚಿದ್ದು ಹೇಳಿ," ಎಂದಷ್ಟೇ ಅಂದು ಕಾರಿನ ಕಡೆ ನಡೆದ.

ಲವೋನ್ ಆಗಲೇ ಕಾರಿನಲ್ಲಿ ಕೂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಊರು ದಾಟಿದ ಮೇಲೆ ಅವಳು ಕಾರಿನ ರೇಡಿಯೋ ದನಿ ತಗ್ಗಿಸಿದಳು.

"ವರ್ಲಿನ್, ಒಂದು ವಿಷಯ ಹೇಳ್ತೀನಿ, ಕೂಗಾಡ್ಬೇಡ. ಆ ಒಬ್ಬ ನಾನೇ."

"ಏನು?"

"ಐದು ಸಲವೂ ನಾನೇ. ಮೊದಲ ಸಲ ಮನಸ್ಸಿಗೆ ಬಂದು ಹಾಕ್ದೆ. ಆಮೇಲೆ ನಾನೂ ಬಿಟ್ಟರೆ ಸೊನ್ನೆಯಾಗತ್ತಲ್ಲ, ಪಾಪ ಅನ್ನಿಸೋದು. ನೀನು ಊಟಕ್ಕೆ ಕೂತು ಆ ಒಬ್ಬನ್ನ ಬೈತಿದ್ದೆ. ನಾನು ನಿನಗೆ ಇನ್ನೊಂದು ಸೌಟು ಆಲೂಗಡ್ಡೆ ಬಡಿಸ್ತಿದ್ದೆ."

ವರ್ಲಿನ್ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡ.

"ಆದ್ರೆ ಇವತ್ತಿಂದು ನಂದಲ್ಲ, ದೇವರಾಣೆ! ಸೊನ್ನೆ ಬಂದ್ರೆ ನಿನ್ನ ಮೇಲಿನ ಅನುಮಾನ ಹೋಗತ್ತೆ ಅಂತ ನಾಲ್ಕು ಗಂಟೆಗೇ ಹೋಗಿ ಆನೆಗೆ ಹಾಕಿ ಬಂದೆ. ಹಾಕುವಾಗ ಅಳು ಬಂತು. ನಾನು ಹಾಕಿಲ್ಲ ಅಂದ್ಮೇಲೆ ಆ ಒಂದು ಎಲ್ಲಿಂದ ಬಂತು?"

ವರ್ಲಿನ್ ರಸ್ತೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಯಿತು. ರೇಡಿಯೋದಲ್ಲಿ ಪಂಡಿತರೊಬ್ಬರು, ಕ್ಯಾನ್ಸಸ್‌ನಲ್ಲಿ ಎಲ್ಲವೂ ನಿರೀಕ್ಷೆಯಂತೆಯೇ ಆಗಿದೆ, ಅಚ್ಚರಿಯೇನೂ ನಡೆದಿಲ್ಲ ಎಂದು ಹೇಳುತ್ತಿದ್ದರು.

ಲವೋನ್ ಅವನ ಕಿವಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ನಡೆದಿದೆ," ಎಂದು ರೇಡಿಯೋ ಆರಿಸಿ, ಡಬ್ಬದಲ್ಲಿ ಉಳಿದಿದ್ದ ಆ ಒಂದು ಕತ್ತೆಯನ್ನು ಮುರಿದು ಅರ್ಧ ಅವನ ಕೈಗಿಟ್ಟಳು.