ದೇವರ ಜಗಲಿ ಮೇಲಿನ ಗುಳಿಗೆ

ಕುಡಿತ ಬಿಡಿಸುವ ದವಾಖಾನೆಯಲ್ಲಿ ಕೂತವಳು ದಿನವಿಡೀ ಅಳುವನ್ನೇ ಕೇಳುತ್ತಾಳೆ ಎಂದು ನಮ್ಮ ನೆಂಟರೆಲ್ಲ ನಂಬಿದ್ದಾರೆ. ಅಳು ಇರುತ್ತದೆ, ಸುಳ್ಳಲ್ಲ. ಆದರೆ ಜನ ಅಳುತ್ತ ಅಳುತ್ತಲೇ ಎಂಥದೋ ಒಂದು ಮಾತು ಆಡಿಬಿಡುತ್ತಾರೆ. ಆಗ ನಾನು ಪೆನ್ನು ಬಿತ್ತು ಎಂಬ ನೆವ ಮಾಡಿ ಟೇಬಲ್ಲಿನ ಕೆಳಗೆ ಬಗ್ಗಿ, ನಕ್ಕು ಮುಗಿಸಿ ಏಳಬೇಕಾಗುತ್ತದೆ. ವಾರಕ್ಕೊಮ್ಮೆಯಾದರೂ ನನ್ನ ಪೆನ್ನು ಬೀಳುತ್ತದೆ.

ಹುಟ್ಟಿದ್ದು ಬೀದರಿನಲ್ಲಿ, ಮದುವೆಯಾಗಿ ಬಂದದ್ದು ನಾಸಿಕ್ ರೋಡಿಗೆ, ಈಗ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. ನಾಸಿಕ್ ರೋಡಿನಲ್ಲೂ ಇಲ್ಲೂ ಮಾಡಿದ್ದು ಇದೇ ಕೆಲಸ. ಡಾಕ್ಟರು ಔಷಧ ಬರೆಯುತ್ತಾರೆ, ನಾನು ಮಾತಾಡುತ್ತೇನೆ. ನಮ್ಮಲ್ಲಿ ಯಾರನ್ನೂ ಒಳಗಿಟ್ಟುಕೊಳ್ಳುವುದಿಲ್ಲ. ಬರುತ್ತಾರೆ, ತೋರಿಸಿಕೊಳ್ಳುತ್ತಾರೆ, ಮನೆಗೆ ಹೋಗುತ್ತಾರೆ. ದವಾಖಾನೆಗೂ ಮನೆಗೂ ನಡುವೆ ಎಷ್ಟು ವೈನ್ ಶಾಪ್ ದಾಟಬೇಕು ಅನ್ನುವುದು ಅವರವರ ಹಣೆಬರಹ.

ತೋಳನ ಕಾವಲು

ಕೆಲವರಿಗೆ ಡಾಕ್ಟರು ಒಂದು ಗುಳಿಗೆ ಕೊಡುತ್ತಾರೆ. ಅದನ್ನು ನುಂಗಿದವನು ಕುಡಿದರೆ ಮುಖ ಕೆಂಡವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ. ಜೀವಕ್ಕೂ ಅಪಾಯವಾಗಬಹುದು. ಅದಕ್ಕೇ ಎಲ್ಲವನ್ನೂ ತಿಳಿಸಿ ಹೇಳಿ, ಒಪ್ಪಿಗೆಯ ಸಹಿ ಹಾಕಿಸಿಕೊಂಡೇ ಕೊಡುವುದು. ದಿನಾ ಬೆಳಿಗ್ಗೆ ಬೇರೆಯವರೊಬ್ಬರು ಕಣ್ಣೆದುರೇ ನುಂಗಿಸಬೇಕು ಎಂಬುದು ನಿಯಮ.

ನಾಸಿಕ್ ರೋಡಿನಲ್ಲಿದ್ದಾಗ ನಮ್ಮ ಬೀದರ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ತಮಗೆ ಗುಳಿಗೆ ನುಂಗಿಸುವ ಕೆಲಸಕ್ಕೆ ಒಬ್ಬರನ್ನು ಕರೆತಂದರು. ಯಾರು ಎಂದು ಕೇಳಿದೆ. "ನಮ್ಮ ಅಣ್ಣ ಇದ್ದಂಗ್ರಿ ಅಕ್ಕಾರ. ಇಪ್ಪತ್ತು ವರ್ಷದ ಸಂಬಂಧ" ಎಂದರು. ಸಂಬಂಧ ಎಲ್ಲಿ ಬೆಳೆಯಿತು ಎಂದು ನಾನು ಕೇಳಲಿಲ್ಲ. ತಿಂಗಳಾದ ಮೇಲೆ ಅವರ ಹೆಂಡತಿ ಬಂದು, "ಅಂವ ಇವರ ಜೋಡಿ ಕುಡಿಯೋ ದೋಸ್ತ್ ಅಲ್ಲೇನ್ರಿ!" ಎಂದಾಗ ಗೊತ್ತಾಯಿತು, ಕುರಿ ಕಾಯಲು ತೋಳನನ್ನೇ ನೇಮಿಸಿದ್ದೇನೆ ಎಂದು.

ಇಬ್ಬರನ್ನೂ ಕರೆಸಿದೆ. ನಾನು ಬಾಯಿ ತೆರೆಯುವ ಮೊದಲೇ ದೋಸ್ತ್ ಶುರು ಮಾಡಿದರು. "ಒಂದು ದಿನಾನೂ ತಪ್ಸಿಲ್ರಿ. ಬಾಯಿ ತೆಗಸಿ, ನಾಲಿಗಿ ಕೆಳಗ ಬೆರಳು ಹಾಕಿ ನೋಡೀನ್ರಿ." ವ್ಯಾಪಾರಿ ಹೌದೆಂದು ತಲೆಯಾಡಿಸಿದರು. ಅವರು ತಿಂಗಳಿಂದ ಒಂದು ಹನಿ ಮುಟ್ಟಿರಲಿಲ್ಲ. ದೋಸ್ತ್ ದನಿ ಇಳಿಸಿ, "ಖರೇ ಹೇಳ್ತೀನ್ರಿ ಅಕ್ಕಾರ, ಈಗ ಸಂಜೀಕ ಒಬ್ಬನೇ ಕೂಡಬೇಕಾಗ್ಯದ. ಮಾತಾಡ್ಲಾಕ ಯಾರೂ ಇಲ್ಲ. ನಂದೂ ಒಂದು ಕೇಸ್ ಪೇಪರ್ ತೆಗೀರಿ" ಎಂದರು.

ನಿಮಗೆ ಗುಳಿಗೆ ಕೊಡುವವರು ಯಾರು ಎಂದೆ. ವ್ಯಾಪಾರಿ ಎದ್ದೇ ನಿಂತರು.

"ನಾ ಇದ್ದೀನಲ್ರಿ! ಒಂದು ತಿಂಗಳು ನನ್ನ ನಾಲಿಗಿ ಕೆಳಗ ಬೆರಳು ಹಾಕ್ಯಾನ. ಇನ್ನ ನನ್ನ ಪಾಳಿ!"

ಅವರಿಬ್ಬರದು ನೆಟ್ಟಗಾಯಿತು. ಆದರೂ ಅಂದಿನಿಂದ ನಾನು ಗುಳಿಗೆಯನ್ನು ಮನೆಯವರ ಕೈಗೇ ಕೊಡುತ್ತೇನೆ. ಇದರಿಂದ ಎಡವಟ್ಟು ಆಗುವುದಿಲ್ಲ ಎಂದು ನನಗೆ ಬಹಳ ಧೈರ್ಯವಿತ್ತು.

ಗಟಾರಿಯ ದಿನ ಬಂದವರು

ನಮ್ಮ ಕಡೆ ನಾಗರ ಅಮಾವಾಸ್ಯೆ ಎಂದು ಕರೆಯುವ ದಿನಕ್ಕೆ ಇಲ್ಲಿ ಗಟಾರಿ ಎನ್ನುತ್ತಾರೆ. ಮರುದಿನದಿಂದ ಶ್ರಾವಣ, ತಿಂಗಳಿಡೀ ಕುಡಿಯುವ ಹಾಗಿಲ್ಲ. ಆದ್ದರಿಂದ ತಿಂಗಳದ್ದನ್ನೆಲ್ಲ ಅವತ್ತೇ ಕುಡಿದು ಮುಗಿಸುವ ಪದ್ಧತಿ. ಆ ದಿನ ಚಿಕಲಠಾಣಾ ಕಡೆಯ ನಮ್ಮ ಓಪಿಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರುವುದಿಲ್ಲ.

ಈಚಿನ ಒಂದು ಗಟಾರಿಯಂದು ಮಾತ್ರ ಗಂಡ ಹೆಂಡತಿ ಬಂದರು. ಕಲಬುರಗಿ ಜಿಲ್ಲೆಯವರು. ಗಂಡ ಬಿಡಕಿನ್‌ನಲ್ಲಿ ಹೊಸ ಫ್ಯಾಕ್ಟರಿ ಕಟ್ಟುವಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಕೈ ನಡುಗುತ್ತಿತ್ತು, ಮುಖದಲ್ಲಿ ಸಿಟ್ಟಿತ್ತು.

"ನಾಳಿಂದ ಹೆಂಗಿದ್ರೂ ಬಿಡ್ತೀನ್ರಿ. ಇವತ್ತೊಂದು ದಿನ ತಡದು ಬರೋಣು ಅಂದ್ರ ಕೇಳಲಿಲ್ಲ" ಎಂದ.

ಹೆಂಡತಿ ಸಮಾಧಾನವಾಗಿಯೇ ಹೇಳಿದಳು. "ನಾಳಿ ಬಂದ್ರ ಇವರು ಸಾಧು ಆಗಿರ್ತಾರ್ರಿ ಅಕ್ಕಾರ. ಸಾಧೂಗ ಯಾವ ಡಾಕ್ಟರ್ ಗುಳಿಗಿ ಕೊಡ್ತಾನ? ಜ್ವರ ಇದ್ದಾಗೇ ತೋರಸ್ಬೇಕಲ್ರಿ."

ಪೆನ್ನು ಬಿತ್ತು. ಮೇಲೆದ್ದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. "ಇನ್ನೊಂದು ಸಲ ಕುಡದ್ರ ಮಗಳನ್ನ ಕರಕೊಂಡು ಆಳಂದಕ್ಕ ತವರಿಗಿ ಹೋಗ್ತೀನ್ರಿ. ಹೇಳಿಬಿಟ್ಟೀನಿ" ಎಂದಳು. ಮಗಳು ಆರನೇ ಕ್ಲಾಸು, ಇಲ್ಲಿಯ ಮರಾಠಿ ಶಾಲೆ. ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಮರಾಠಿ. ಕನ್ನಡ ಅಕ್ಷರವಂತೂ ಗೊತ್ತೇ ಇಲ್ಲ. ಊರಿಗೆ ಹೋದರೆ ಹುಡುಗಿ ಚಿಕ್ಕ ಮಕ್ಕಳ ಜೊತೆ ಕೂತು ಅ ಆ ಇ ಈ ತೀಡಬೇಕು. ತಾಯಿಗೆ ಅದು ಗೊತ್ತಿತ್ತು. ಹೋಗಲು ಮನಸ್ಸಿಲ್ಲ, ಆದರೆ ಹೋಗಿಯೇ ಹೋಗುತ್ತಾಳೆ ಎಂದು ನನಗೂ ಗೊತ್ತಾಯಿತು. ಇಂಥ ಹೆಂಗಸರು ಹೆದರಿಸಲು ಮಾತಾಡುವುದಿಲ್ಲ.

ಮೇಸ್ತ್ರಿಯನ್ನು ಕೇಳಿದೆ, ಬಿಡಬೇಕೆಂದು ನಿನಗೂ ಅನಿಸುತ್ತದೆಯಾ ಎಂದು.

"ಸಾಕಾಗಿ ಹೋಗ್ಯದ್ರಿ ಅಕ್ಕಾರ" ಎಂದ. ಸ್ವಲ್ಪ ಯೋಚಿಸಿ ಸೇರಿಸಿದ. "ಆದ್ರ ಮುಂಜಾನಿ ಅಷ್ಟೇ ಸಾಕಾಗಿರ್ತದ. ಸಂಜೀಕ ಮತ್ತ ಬೇಕಾಗ್ತದ."

ಇಷ್ಟು ಪ್ರಾಮಾಣಿಕ ಉತ್ತರವನ್ನು ನಾನು ಓದಿದ ಯಾವ ದಪ್ಪ ಪುಸ್ತಕದಲ್ಲೂ ಕಂಡಿರಲಿಲ್ಲ. ಡಾಕ್ಟರು ಮೊದಲು ನಡುಕ ಇಳಿಯಲು ಔಷಧ ಕೊಟ್ಟರು. ವಾರ ಕಳೆದ ಮೇಲೆ, ಎಲ್ಲ ವಿವರಿಸಿ, ಸಹಿ ಹಾಕಿಸಿ ಗುಳಿಗೆ ಶುರು ಮಾಡಿದರು. ನಾನು ಹೆಂಡತಿಗೆ ನನ್ನ ಜಾಣತನವನ್ನೆಲ್ಲ ಧಾರೆ ಎರೆದೆ. "ದಿನಾ ಪೂಜೆ ಹೊತ್ತಿಗೆ ಕೊಡವ್ವಾ, ಮರೆಯೋದಿಲ್ಲ. ಮಗಳ ಕೈಗೆ ಸಿಗದ ಹಾಗೆ ಎತ್ತರದಾಗ ಇಡು."

"ತಗಡಿನ ಖೋಲ್ಯಾಗ ಎತ್ತರ ಅಂದ್ರ ದೇವರ ಜಗಲಿ ಒಂದೇ ಅದರಿ" ಎಂದಳು.

"ಅಲ್ಲೇ ಇಡು, ಭಾಳ ಛಲೋ" ಎಂದೆ. ಹಾಗೆ ಎಂದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎರಡು ಪಂಚಾಂಗದ ಶ್ರಾವಣ

ಗಟಾರಿಯಾಗಿ ಹದಿನೈದು ದಿನಕ್ಕೆ ಮೇಸ್ತ್ರಿ ಹೆಂಡತಿಯ ಜೊತೆ ಬಂದಾಗ ಮುಖ ತಿಳಿಯಾಗಿತ್ತು, ಕೈ ನಡುಕ ನಿಂತಿತ್ತು. ನನಗೆ ಖುಷಿಯಾಯಿತು. ಅವನಿಗೂ ಖುಷಿಯಾಗಿತ್ತು, ಆದರೆ ಕಾರಣ ಬೇರೆ.

"ಅಕ್ಕಾರ, ಇವತ್ತಿಗಿ ಶ್ರಾವಣ ಮುಗೀತ್ರಿ!"

ಇನ್ನೂ ಅರ್ಧ ಉಳಿದಿದೆಯಲ್ಲ ಎಂದೆ. ಅವನ ವಾದ ಹೀಗಿತ್ತು. ಸೈಟಿನಲ್ಲಿ ಬಿಹಾರದವರಿದ್ದಾರೆ. ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಅವರ ಶ್ರಾವಣ ರಾಖಿ ಹುಣ್ಣಿಮೆಗೆ, ಅಂದರೆ ಇವತ್ತಿಗೇ ಮುಗಿಯಿತು. "ಅವರೂ ಶಿವಭಕ್ತರೇ ಅಲ್ಲೇನ್ರಿ? ಶಿವಗ ನಡೀತದಂದ್ರ ನಮಗ್ಯಾಕ ನಡ್ಯಂಗಿಲ್ಲ?" ನಮ್ಮವರ ಜೊತೆ ಶುರು ಮಾಡಿ ಬಿಹಾರದವರ ಜೊತೆ ಮುಗಿಸಿದರೆ ಶ್ರಾವಣ ಹದಿನೈದೇ ದಿನ. ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಅವನ ಹೆಂಡತಿಯ ಮುಖ ನೋಡಿದೆ.

"ಮಾಡ್ಲಿ ಬಿಡ್ರಿ, ಬಿಹಾರದವರ ಶ್ರಾವಣಾನೇ ಮಾಡ್ಲಿ" ಎಂದಳು ಆಕೆ. "ಆದ್ರ ಅದು ಗಟಾರಿಕಿಂತ ಹದಿನೈದು ದಿನ ಮೊದಲೇ ಹತ್ತಿತ್ತಲ್ರಿ? ಆ ಹದಿನೈದು ದಿನ ಇವರು ಕುಡದಾರ. ವ್ರತ ಕೆಟ್ಟದ. ಕೆಟ್ಟ ವ್ರತ ಮತ್ತ ಮೊದಲಿಂದ ಹಿಡೀಬೇಕು. ಇವತ್ತಿಂದ ಪೂರಾ ಒಂದು ತಿಂಗಳು."

ಮೇಸ್ತ್ರಿ ಬೆರಳು ಮಡಚಿ ಮಡಚಿ ಎಣಿಸಿದ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಹಿರಿಯರ ಪಂಚಾಂಗ ಬಿಡಬಾರದ್ರಿ ಅಕ್ಕಾರ" ಎಂದ.

ಪೋಳಾದ ಮರುದಿನ

ಶ್ರಾವಣ ಮುಗಿಯುವುದು ಪೋಳಾ ಅಮಾವಾಸ್ಯೆಗೆ, ಎತ್ತಿನ ಹಬ್ಬದ ದಿನ. ತಿಂಗಳಿಡೀ ಬಿಗಿಹಿಡಿದವರೆಲ್ಲ ಅವತ್ತು ಕಟ್ಟು ಬಿಚ್ಚಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ನಾನು ಓಪಿಡಿ ಬಾಗಿಲು ತೆಗೆಯುವಾಗಲೇ ಮೆಟ್ಟಿಲ ಮೇಲೆ ಜನ ಇದ್ದರು. ಮೇಸ್ತ್ರಿ, ಅವನ ಜೊತೆ ಅವನ ಖೋಲಿಯ ಪಕ್ಕದಲ್ಲೇ ಇರುವ ಸೈಟಿನ ಮೂವರು ಕೆಲಸಗಾರರು, ಸ್ವಲ್ಪ ದೂರದಲ್ಲಿ ಹೆಂಡತಿ. ಅವಳ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗಳ ಕೈ. ಚೀಲ ನೋಡಿದೊಡನೆ, ತವರಿಗೆ ಹೊರಟೇಬಿಟ್ಟಳು ಎಂದುಕೊಂಡೆ.

"ಕುಡಿದೆಯಾ?" ಎಂದೆ, ಮೇಸ್ತ್ರಿಗೆ ಬಾಯಿ ಬಿಡಲೂ ಬಿಡದೆ. ಆಮೇಲೆ ಐದು ನಿಮಿಷ ಬೈದೆ. ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಬುದ್ಧಿ ಬರುತ್ತದೆ.

"ಇಲ್ರಿ! ದೇವರಾಣಿಗೂ ಇಲ್ರಿ!" ಎಂದ. ಕುಡಿದವರು ಆ ಮೂವರು. ಎರಡು ಗುಟುಕಿಗೇ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿದ್ದಿದ್ದರು. ಇವನೇ ಟೆಂಪೋ ಮಾಡಿ ದೊಡ್ಡ ದವಾಖಾನೆಗೆ ಹಾಕಿದ್ದ. ರಾತ್ರಿ ಸಲೈನ್ ಹಚ್ಚಿ, ಬೆಳಿಗ್ಗೆ ಬಿಟ್ಟಿದ್ದರು. ನಮ್ಮ ಡಾಕ್ಟರಿಗೂ ತೋರಿಸಿಬಿಡೋಣ ಎಂದು ಕರೆತಂದಿದ್ದ.

ಹೆಂಡತಿಗೆ ಇದು ಒಂದು ಚೂರೂ ನಂಬಿಕೆಯಾಗಿರಲಿಲ್ಲ. "ನಾಲ್ಕೂ ಮಂದಿ ಒಂದೇ ಕಡೆ ಕುಂತಿದ್ರು. ಇವರು ದಿನಾ ಗುಳಿಗಿ ಉಗುಳಿರಬೇಕು. ಅದಕ್ಕೇ ಕುಡದ್ರೂ ಏನೂ ಆಗಿಲ್ಲ. ಹನ್ನೊಂದಕ್ಕ ಬಸ್ ಅದರಿ, ನಿಮಗ ಹೇಳಿ ಹೋಗೋಣಂತ ಬಂದೆ" ಎಂದಳು.

ಡಾಕ್ಟರು ಮೂವರ ನಾಡಿ, ಬಿಪಿ ನೋಡಿದರು. ದೊಡ್ಡ ದವಾಖಾನೆಯ ಕಾಗದ ಓದಿದರು. ಮತ್ತೊಮ್ಮೆ ಓದಿದರು. ನನ್ನನ್ನು ಪಕ್ಕಕ್ಕೆ ಕರೆದು ಮರಾಠಿಯಲ್ಲಿ, "ಇದು ನಮ್ಮ ಗುಳಿಗೆಯ ಲಕ್ಷಣ" ಎಂದರು. ನುಂಗುವವನು ಗಟ್ಟಿಮುಟ್ಟಾಗಿ ನಿಂತಿದ್ದಾನೆ, ನುಂಗದವರು ಮೂವರು ಬಿದ್ದಿದ್ದಾರೆ! ಆ ಮೂವರನ್ನು ಕೇಳಿದೆ, ಇಷ್ಟು ದಿನ ಬೇರೆ ಏನಾದರೂ ಔಷಧ ತಗೊಂಡಿದ್ದೀರಾ ಎಂದು.

"ಏನಿಲ್ರಿ ಬಾಯಾರ. ಇವರ ಮನ್ಯಾಗಿನ ಪ್ರಸಾದ ಅಷ್ಟೇ."

"ಯಾವ ಪ್ರಸಾದ?"

"ದಿನಾ ಮುಂಜಾನಿ ಮೇಸ್ತ್ರಿ ಕೊಡ್ತಾರಲ್ರಿ, ಬಿಳೇದು. ಸಪ್ಪಗಿರ್ತದ."

ಎಲ್ಲರೂ ಮೇಸ್ತ್ರಿಯನ್ನು ನೋಡಿದೆವು. ಮೇಸ್ತ್ರಿ ನೆಲ ನೋಡಿದ.

ನಡೆದದ್ದು ಇಷ್ಟು. ಹೆಂಡತಿ ಪೂಜೆ ಮುಗಿಸಿ, ಜಗಲಿ ಮೇಲಿಂದ ಗುಳಿಗೆ ತೆಗೆದು ಗಂಡನ ಅಂಗೈಗೆ ಹಾಕಿ ರೊಟ್ಟಿಯ ಕಡೆ ತಿರುಗುತ್ತಿದ್ದಳು. ಆ ಹೊತ್ತಿಗೆ ಈ ಮೂವರೂ ಚಹಾಕ್ಕೆ ಬಾಗಿಲಲ್ಲಿ ಹಾಜರು. ಮೊದಲ ದಿನವೇ ಒಬ್ಬ, ಏನು ಅದು ಎಂದು ಕೇಳಿದ. ಕುಡಿತ ಬಿಡುವ ಗುಳಿಗೆ ಎನ್ನಲು ಇವನಿಗೆ ನಾಚಿಕೆ. ಪ್ರಸಾದ ಎಂದುಬಿಟ್ಟ. ಎಂದದ್ದೇ ತಡ, ಮೂರು ಬಲಗೈ ಮುಂದೆ ಬಂದವು.

"ಪ್ರಸಾದ ಒಬ್ಬನೇ ಹ್ಯಾಂಗ ತಿನ್ಲಿರಿ ಅಕ್ಕಾರ? ಮಂದಿ ಕೈ ಚಾಚಿ ನಿಂತಿದ್ರು" ಎಂದ ಮೇಸ್ತ್ರಿ. ಅಂದಿನಿಂದ ದಿನಾ ಒಂದು ಗುಳಿಗೆ ನಾಲ್ಕು ಪಾಲು. ಶ್ರಾವಣದಲ್ಲಿ ಯಾರೂ ಕುಡಿಯದ ಕಾರಣ ಯಾರಿಗೂ ಏನೂ ಆಗಲಿಲ್ಲ.

ಡಾಕ್ಟರಿಗೆ ನಿಜವಾಗಿ ಸಿಟ್ಟು ಬಂತು. ತಿಳಿಸದೆ ಔಷಧ ತಿನ್ನಿಸುವುದು ಎಂದರೆ ವಿಷವಿಟ್ಟ ಹಾಗೆ, ಮೂರು ಹೆಣ ಬೀಳುತ್ತಿದ್ದವು ಎಂದರು. ಅದನ್ನು ಕನ್ನಡದಲ್ಲಿ ಹೇಳಬೇಕಾದವಳೂ ನಾನೇ. ಪೂಜೆ ಹೊತ್ತು ಎಂದವಳು ನಾನು, ಜಗಲಿಯೇ ಸರಿ ಎಂದವಳೂ ನಾನು. ಮೇಸ್ತ್ರಿ ಮೂವರಿಗೂ ಕೈ ಮುಗಿದ. ಅವರ ಮುಂದೆ ನಾನೂ ಕೈ ಮುಗಿದೆ.

ಮೂವರಲ್ಲಿ ಹಿರಿಯವನು ಕೇಳಿದ. "ಅಂದ್ರ ದೇವರು ಸಿಟ್ಟಾಗಿದ್ದಲ್ಲೇನ್ರಿ?"

"ಅಲ್ಲಪ್ಪ, ಗುಳಿಗೆಯ ಕೆಲಸ."

"ರಾತ್ರಿ ಹೆದರಿ, ಇನ್ನ ಜನ್ಮದಾಗ ಮುಟ್ಟಂಗಿಲ್ಲಂತ ದೇವರಿಗಿ ಆಣಿ ಮಾಡಿಬಿಟ್ಟೀನಲ್ರಿ! ಅದು ವಾಪಸ್ ಆಗ್ತದೇನು?"

ಆಣೆ ಕೊಟ್ಟಲ್ಲೇ ಹೋಗಿ ಕೇಳು, ನಮ್ಮಲ್ಲಿ ವಾಪಸು ತಗೊಳ್ಳುವುದಿಲ್ಲ ಎಂದೆ.

ಅಷ್ಟರಲ್ಲಿ ಡಾಕ್ಟರು ಏನನ್ನೋ ಯೋಚಿಸಿ ಮೇಸ್ತ್ರಿಯನ್ನು ಎದುರು ಕೂರಿಸಿಕೊಂಡರು. ಪ್ರಶ್ನೆ ಅವರದು, ಕನ್ನಡ ನನ್ನದು. "ಕಾಲು ಗುಳಿಗೆಯಿಂದ ಏನೂ ಆಗುವುದಿಲ್ಲ ಎಂದುಕೊಂಡೇ ಇವರಿಗೆ ಕೊಟ್ಟೆ, ಹೌದಾ?"

"ಹೌದ್ರಿ."

"ನಿನ್ನ ಪಾಲಿಗೂ ಬರುತ್ತಿದ್ದದ್ದು ಕಾಲೇ."

"ಹೌದ್ರಿ."

"ನಿನ್ನೆ ಹಬ್ಬ. ಇವರು ನಿನ್ನ ಎದುರೇ ಕೂತು ಸುರುವಿಕೊಂಡರು. ಏನೂ ಆಗುವುದಿಲ್ಲ ಎಂದೇ ನೀನು ನಂಬಿದ್ದೆ. ಮತ್ತೆ ಯಾಕೆ ಕುಡಿಯಲಿಲ್ಲ?"

ಮೇಸ್ತ್ರಿ ತಲೆ ಕೆರೆದುಕೊಂಡ. ಈ ಪ್ರಶ್ನೆ ಅವನಿಗೂ ಹೊಸದು. ಬಾಗಿಲಲ್ಲಿ ಚೀಲ ಹಿಡಿದು ನಿಂತವಳ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದ.

"ಕಾಲು ಅಂಜಿಕಿ ಗುಳಿಗೀದ್ರಿ. ಉಳದ ಮುಕ್ಕಾಲು ಇಕೀದು."

ಹೆಂಡತಿ ಗೋಡೆ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಇನ್ನೂ ಹೊತ್ತಿತ್ತು. ಚೀಲ ನೆಲಕ್ಕಿಟ್ಟು ಮಗಳಿಗೆ, "ನಡಿ, ಸಾಲಿಗಿ ಹೊತ್ತಾಗ್ಯದ" ಎಂದಳು. ಯುನಿಫಾರ್ಮ್ ಚೀಲದಲ್ಲೇ ಇದೆ ಎಂದು ಹುಡುಗಿ ಮರಾಠಿಯಲ್ಲಿ ಹೇಳಿತು. ತವರಿಗೆ ಹೊರಟ ಚೀಲದಲ್ಲಿ ಇಲ್ಲಿಯ ಶಾಲೆಯ ಯುನಿಫಾರ್ಮ್ ಯಾಕೆ ತುಂಬಿದೆ ಎಂದು ನಾನು ಆ ತಾಯಿಯನ್ನು ಕೇಳಲಿಲ್ಲ. ಪೆನ್ನು ಬಿದ್ದಿತ್ತು, ಬಗ್ಗಿದ್ದೆ. ಈ ಸಲ ನಗುವುದಕ್ಕಲ್ಲ.

"ಏನಂದ ಅವನು?" ಎಂದು ಡಾಕ್ಟರು ಕೇಳಿದರು. ಕಣ್ಣೊರೆಸಿಕೊಂಡು ಮರಾಠಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ ಕೇಸ್ ಪೇಪರ್ ಎಳೆದುಕೊಂಡು ಗಂಭೀರವಾಗಿ ಬರೆದರು: ಗುಳಿಗೆ ದಿನಕ್ಕೆ ಪೂರ್ತಿ ಒಂದು, ಹೆಂಡತಿ ಮೊದಲಿನಂತೆ ಮುಕ್ಕಾಲು.