ಕೆಸರುಗುಡ್ಡದಲ್ಲೂ ಜಾಗ ಹಿಡಿದ ಭಾವ

ನನ್ನ ಭಾವನಿಗೆ ಒಂದು ಜಾಗದಲ್ಲಿ ಇರಲು ಬರುವುದಿಲ್ಲ, ಜಾಗ ಹಿಡಿಯಲು ಮಾತ್ರ ಬರುತ್ತದೆ! ಮೈಸೂರಿನಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆಯುತ್ತಿದ್ದವರು ಸಿಂಗಪುರಕ್ಕೆ ಬಂದು ಟಿಶ್ಯೂ ಪೊಟ್ಟಣಕ್ಕೆ ಬಡ್ತಿ ಪಡೆದರು. ಇಲ್ಲಿ ಸಾಲು ಸಾಲು ಊಟದಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಖಾಲಿ ಮೇಜಿನ ಮೇಲೆ ಪೊಟ್ಟಣ ಇಟ್ಟರೆ ಮುಗಿಯಿತು, ಆ ಮೇಜು ನಿಮ್ಮದು. ಇದಕ್ಕೆ ‘ಚೋಪ್’ ಎನ್ನುತ್ತಾರೆ. ಕ್ಲೆಮೆಂಟಿಯಲ್ಲಿ ಎಂಆರ್‌ಟಿ ರೈಲು ಇಳಿದದ್ದೇ ತಡ, ಅಕ್ಕನನ್ನೂ ನನ್ನನ್ನೂ ಬಿಟ್ಟು “ಮುಂದೆ ಹೋಗಿ ಜಾಗ ಹಿಡೀತೀನಿ” ಎಂದು ಓಡುತ್ತಾರೆ. ಒಮ್ಮೆ ಮೂರು ಮೇಜು ಹಿಡಿದು, ಫ್ಯಾನಿನ ಗಾಳಿ ಎಲ್ಲಿ ಚೆನ್ನಾಗಿದೆಯೆಂದು ಒಂದೊಂದರಲ್ಲೂ ಕೂತು ನೋಡಿದ್ದರು. ಜಾಗ ಸಿಗದವರಿಂದ ಬೈಸಿಕೊಂಡವನು ನಾನು.

ಇಂಥವರು ಐರ್ಲೆಂಡಿನ ಗುಡ್ಡಕ್ಕೆ ಯಾಕೆ ಹೊರಟರು? “ಅಲ್ಲಿ ಒಂದು ನರಪಿಳ್ಳೆ ಇರಲ್ಲ ಕಣೋ. ಕ್ಯೂ ಇಲ್ಲ, ಚೋಪ್ ಇಲ್ಲ” ಎಂದರು. ನಂಬಿದೆ. ಅಕ್ಕ ಬುದ್ಧಿವಂತೆ, ಬುಡದ ಹೋಟೆಲಿನಲ್ಲೇ ಉಳಿದಳು.

ಅದು ಗುಡ್ಡವೇ? ನೆನೆದ ಹಾಸಿಗೆ! ಹುಲ್ಲಿನ ಕೆಳಗೆಲ್ಲ ಕಪ್ಪು ಕೆಸರು. ಭಾವನ ಕಾಲಲ್ಲಿ ಸಿಂಗಪುರದ ಬೂನ್ ಲೇ ಮಾಲಿನಲ್ಲಿ ಕೊಂಡ ಹೊಸ ಬಿಳಿ ಶೂ. ನನ್ನ ಎಡಗಾಲು ಮೊಣಕಾಲುದ್ದ ಇಳಿದು ಉಳುಕಿತು. ಬಲಗಾಲೋ? ನೆನಪು ಎಡಗಾಲು ಅನ್ನುತ್ತದೆ. ಅದು ಎಷ್ಟೋ ಸಲ ಸುಳ್ಳು ಹೇಳಿದೆ. ಕೋಪವನ್ನು ಮಾತ್ರ ನಂಬುತ್ತೇನೆ. ಆಗಲೇ ಮಂಜು ಕವಿಯಿತು. ಭಾವ ನನ್ನ ಕಾಲು ನೋಡಿದರು, ಪಕ್ಕದ ತಂತಿಬೇಲಿ ನೋಡಿದರು.

“ಇದನ್ನ ಹಿಡ್ಕೊಂಡು ನಿಧಾನಕ್ಕೆ ಬಾ. ಮುಂದೆ ಹೋಗಿ ಜಾಗ ಹಿಡೀತೀನಿ.”

ಮಾಯ!

ಜಾಗವಂತೆ! ಯಾರು ಕಿತ್ತುಕೊಳ್ಳುತ್ತಿದ್ದರು, ಕುರಿಗಳೇ? ಕುಂಟನನ್ನು ಕೆಸರಿನಲ್ಲಿ ಬಿಟ್ಟು ಓಡುವ ಮನುಷ್ಯನಿಗೆ ಏನೆನ್ನಬೇಕು? ಅಕ್ಕನ ತಾಳಿಯ ಮುಖ ನೋಡಿ ಇಷ್ಟು ವರ್ಷ ಸುಮ್ಮನಿದ್ದೆ, ಇವತ್ತು ಬಿಡುವುದಿಲ್ಲ. ಒಂದೊಂದು ಬೇಲಿಗೂಟಕ್ಕೆ ಒಂದೊಂದು ಬೈಗುಳ ಜೋಡಿಸುತ್ತ ತೆವಳಿದೆ.

ಬೇಲಿ ತಿರುಗುವಲ್ಲಿ ಒಂದು ಬಂಡೆ. ಇಡೀ ಗುಡ್ಡದಲ್ಲಿ ಒಣಗಿದ್ದು ಅದೊಂದೇ, ಒಬ್ಬರು ಕೂರುವಷ್ಟು. ಮೇಲೆ ಟಿಶ್ಯೂ ಪೊಟ್ಟಣ. ಅದು ಹಾರದಂತೆ ಒತ್ತಿಹಿಡಿದು ಭಾವ ಪಕ್ಕದಲ್ಲಿ ನಿಂತಿದ್ದರು, ಬಿಳಿ ಶೂ ಕಾಣದಷ್ಟು ಕೆಸರಿನಲ್ಲಿ, ನಡುಗುತ್ತ.

“ನೀವು ಕೂತ್ಕೋಬಾರ್ದಿತ್ತಾ?” ಎಂದು ಕಿರುಚಿದೆ.

“ಒಬ್ರಿಗೇ ಆಗೋದು ಕಣೋ. ನಿಂಗೆ ಅಂತ ಹಿಡಿದಿದ್ದು.”

ಕೂತೆ. ಅವರು ಪೊಟ್ಟಣ ಬಿಚ್ಚಿ ನನ್ನ ಪಾದದ ಕೆಸರು ಒರೆಸತೊಡಗಿದರು. ಹಿರಿಯರು ಕಾಲು ಮುಟ್ಟುವುದೇ? ಎಳೆದುಕೊಂಡೆ. “ಅಲ್ಲಾಡಬೇಡ” ಎಂದು ಗದರಿದರು.

ಕೋಪ ಇಳಿದಿರಲಿಲ್ಲ. ಕಾಲು ಮಾತ್ರ ಅವರ ಕೈಯಲ್ಲೇ ಇತ್ತು.