ಬೆದರಿಕೆ, ಅಪೀಲು ಮತ್ತು ವಿರೂಪಾಕ್ಷಪ್ಪನವರು

ತಮಗೆ ಹೊಟ್ಟೆಕಿಚ್ಚೇ ಇಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಅಂಥವರು ಒಂದೋ ಸನ್ಯಾಸಿಗಳಾಗಿರಬೇಕು, ಇಲ್ಲವೇ ಅವರ ಪಕ್ಕದ ಮನೆ ಖಾಲಿ ಇರಬೇಕು. ನನ್ನ ಪಕ್ಕದ ಮನೆಯಲ್ಲಿ ವಿರೂಪಾಕ್ಷಪ್ಪನವರಿದ್ದಾರೆ. ಅವರೂ ನನ್ನಂತೆಯೇ ಚಿತ್ತಾಪುರದ ಕೋರ್ಟಿನಲ್ಲಿ ವಕೀಲರು. ನಾನು ಬಾಯಿ ತೆರೆದರೆ ಹೊರಗೆ ಶೇಂಗಾ ಮಾರುವವನೂ ಕಿಟಕಿಗೆ ಬಂದು ನಿಲ್ಲುತ್ತಾನೆ. ಅವರು ಎದ್ದು ನಿಂತು, ಕೆಮ್ಮಿ, ಎರಡು ಮಾತಾಡಿ ಕೂತುಬಿಡುತ್ತಾರೆ. ಆದರೂ ಬೆಳಗಾದರೆ ಪಕ್ಷಗಾರರ ಚಪ್ಪಲಿಗಳು ಅವರ ಕಟ್ಟೆಯ ಮುಂದೆಯೇ ಬಿದ್ದಿರುತ್ತವೆ. ನನ್ನ ಹೆಂಡತಿ ಶಾಂತಾಬಾಯಿ ಅಂಗಳ ಗುಡಿಸುತ್ತಾ, "ಅವರ ಕಟ್ಟಿ ಮ್ಯಾಲ ಕುಂದ್ರಲಿಕ್ಕ ಜಾಗ ಇಲ್ಲ ನೋಡ್ರಿ. ನಮ್ಮದು ಒಳ್ಳೆ ಸ್ವಚ್ಛ ಅದ," ಎನ್ನುತ್ತಾಳೆ. ಅದು ಹೊಗಳಿಕೆಯೋ ಏನೋ ಎಂದು ನಾನು ಕೇಳುವುದಿಲ್ಲ.

ಇಷ್ಟರಲ್ಲಿ ನನ್ನ ಕಟ್ಟೆಗೂ ಒಬ್ಬ ಬಂದ. ಶಹಾಬಾದದ ಸಾಯಬಣ್ಣ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ. ಪಕ್ಕದ ಅಡ್ಡೆಯ ಹಣಮಂತರಾಯ ದಾರಿಯಲ್ಲಿದ್ದ ಇವನ ಕಲ್ಲುಗಳನ್ನು ಸರಿಸಿದನೆಂದು ಸಾಯಬಣ್ಣ ನಾಲ್ಕು ಜನರ ಮುಂದೆ, "ಇನ್ನೊಮ್ಮಿ ಮುಟ್ಟಿದ್ರ ನಿನ್ನನ್ನೇ ಫರಸಿ ಮಾಡಿ ಅಂಗಳಕ್ಕ ಹಾಸ್ತೀನಿ" ಎಂದಿದ್ದ. ಹಣಮಂತರಾಯ ಪೊಲೀಸರ ಹತ್ತಿರ ಹೋದ. ಜೀವಬೆದರಿಕೆಯ ಮೊಕದ್ದಮೆ ನಡೆಯಿತು. ನಾನು ಗಂಟಲು ಹರಿಯುವಂತೆ ವಾದಿಸಿದೆ. ಮ್ಯಾಜಿಸ್ಟ್ರೇಟರು ಸಾವಧಾನವಾಗಿ ಕೇಳಿ, ಸಾಯಬಣ್ಣನಿಗೆ ಮೂರು ತಿಂಗಳ ಸಜೆ ಕೊಟ್ಟರು. ಅಪೀಲಿನ ಗಡುವು ಮುಗಿಯುವ ತನಕ ಮಾತ್ರ ಜಾಮೀನು.

"ಸಾಹೇಬ್ರ, ಜೇಲಿಗೆ ಹೋಗೋದು ಬಂದ್ರ ಊರಾಗ ಮಾರಿ ತೋರ್ಸಲಿಕ್ಕ ಆಗಲ್ರಿ," ಎಂದು ಸಾಯಬಣ್ಣ ಕಣ್ಣೀರು ತಂದ.

"ಅಂಜಬ್ಯಾಡ. ಅಪೀಲು ಹ್ಯಾಂಗ ಬರೀತೀನಿ ನೋಡು," ಎಂದೆ.

ಬರೆದೆ. ನಮ್ಮ ಸೀಮೆಯಲ್ಲಿ ಬೆದರಿಕೆ ಎನ್ನುವುದು ಅಪರಾಧವಲ್ಲ, ಅಕ್ಕರೆ ಎಂದು ಬರೆದೆ. ನನ್ನ ಅವ್ವ ತಲೆಗೆ ಎಣ್ಣೆ ಹಚ್ಚುವಾಗ "ಅಳ್ಳಾಡಿದ್ರ ತೊಗಲು ಸುಲೀತೀನಿ" ಎನ್ನುತ್ತಿದ್ದಳು. ನನ್ನ ತೊಗಲು ಇನ್ನೂ ಮೈಮೇಲಿದೆ. ಗೆಳೆಯರು ಸಂತೆಯಲ್ಲಿ ಸಿಕ್ಕರೆ "ಮನಿಗಿ ಬರದಿದ್ರ ಕಾಲು ಮುರೀತೀನಿ" ಎಂದೇ ಊಟಕ್ಕೆ ಕರೆಯುತ್ತಾರೆ. ಇಷ್ಟನ್ನೂ ಇಂಗ್ಲಿಷಿಗೆ ಇಳಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಬರೆದಷ್ಟೂ ಇನ್ನೂ ಚೆಂದ ಮಾಡೋಣ ಅನ್ನಿಸಿ ದಿನಗಳು ಜಾರಿದವು. ಗಡುವು ಇನ್ನೇನು ಮುಗಿಯುವುದರಲ್ಲಿದ್ದಾಗ ವಾಡಿಯಲ್ಲಿ ರೈಲು ಬದಲಿಸಿ, ಸಾಯಬಣ್ಣನನ್ನೂ ಕರೆದುಕೊಂಡು ಗುಲ್ಬರ್ಗಾದ ಸೆಷನ್ಸ್ ಕೋರ್ಟು ಮುಟ್ಟಿದೆ.

ಅಲ್ಲಿಯ ಶಿರಸ್ತೇದಾರರು ನನ್ನ ದಪ್ಪ ಅಪೀಲನ್ನು ಕೈಯಲ್ಲಿ ತೂಗಿ, "ತೀರ್ಪಿನ ನಕಲು ಎಲ್ಲೈತ್ರಿ?" ಎಂದರು.

ಕೆಳಗಿನ ಕೋರ್ಟಿನ ಮೊಹರು ಬಿದ್ದ ತೀರ್ಪಿನ ಪ್ರತಿ ಜೊತೆಗಿಲ್ಲದೆ ಅಪೀಲು ನಿಲ್ಲುವುದಿಲ್ಲ. ಕಾನೂನು ಓದುವ ಹುಡುಗರಿಗೂ ಗೊತ್ತಿರುವ ನಿಯಮವದು. ನನಗೂ ಗೊತ್ತಿತ್ತು. ಆದರೆ ತೀರ್ಪಿನ ಒಂದೊಂದು ಸಾಲೂ ಎದೆಯಲ್ಲಿ ನಾಟಿಕೊಂಡಿದ್ದರಿಂದ ನಕಲಿಗೆ ಅರ್ಜಿ ಹಾಕುವ ನೆನಪೇ ಬಂದಿರಲಿಲ್ಲ.

"ನಂಗ ಪೂರಾ ಬಾಯಿಪಾಠ ಅದ," ಎಂದೆ.

"ನಿಮ್ಮ ಬಾಯಿಗಿ ನಾ ಮೊಹರು ಒತ್ತಲಿಕ್ಕ ಬರಲ್ರಿ," ಎಂದು ಅವರು ಕಾಗದ ವಾಪಸು ಕೊಟ್ಟರು.

ಮರುದಿನ ಬೆಳಿಗ್ಗೆ ಸಾಯಬಣ್ಣನ ಚಪ್ಪಲಿ ಪಕ್ಕದ ಕಟ್ಟೆಯ ಮುಂದಿತ್ತು. ಗೋಡೆಗೆ ಕಿವಿ ಹಚ್ಚುವವನು ನಾನಲ್ಲ, ಆದರೆ ಆ ಹೊತ್ತಿಗೆ ಸರಿಯಾಗಿ ಅಂಗಳದ ತುಳಸಿಗೆ ನೀರು ಬೇಕಾಗಿತ್ತು. ವಿರೂಪಾಕ್ಷಪ್ಪನವರು ಹೇಳುತ್ತಿದ್ದರು: "ಇವತ್ತೇ ನಕಲಿಗಿ ಅರ್ಜಿ ಹಾಕಮು. ಅದು ಕೈಗಿ ಬರೋತನಕ ಹೋದ ದಿನ ಗಡುವಿನಾಗ ಹಿಡಿಯಂಗಿಲ್ಲ. ಅರ್ಜಿ ತೋರ್ಸಿ ಜಾಮೀನೂ ಮುಂದುವರಸಮು. ಅಳಬ್ಯಾಡ, ಚಾ ಕುಡಿ." ತುಳಸಿ ಅಂದು ನೀರಿನಲ್ಲಿ ತೇಲಿತು.

ಮುಂದೆ ಅವರ ಅಪೀಲು ನಡೆದ ದಿನ, ಸೋಲನ್ನು ಕಣ್ಣಾರೆ ನೋಡೋಣವೆಂದು ಗುಲ್ಬರ್ಗಾಕ್ಕೆ ಹೋದೆ. ಬೇರೆ ಕೆಲಸವಿತ್ತೆಂದು ಮನೆಯಲ್ಲಿ ಹೇಳಿದ್ದೆ. ವಿರೂಪಾಕ್ಷಪ್ಪನವರು ಎದ್ದರು, ಕೆಮ್ಮಿದರು. ಬೆದರಿಕೆಯ ಮರುದಿನವೇ ತಾನು ಹೋಗಿ ಮತ್ತೆ ಅದೇ ಕಲ್ಲು ಸರಿಸಿದೆನೆಂದು ಹಣಮಂತರಾಯನೇ ಸಾಕ್ಷಿ ಹೇಳಿದ್ದಾನೆ, ಇವನು ಅಂಜಿದ್ದೆಲ್ಲಿ, ಅಂಜಿಸುವ ಇರಾದೆ ಸಾಯಬಣ್ಣನಿಗಿದ್ದದ್ದೆಲ್ಲಿ ಎಂದು ಕೇಳಿ ಕೂತರು. ಸಾಯಬಣ್ಣ ಖುಲಾಸೆಯಾದ. ಕೆಳಗಿನ ಕೋರ್ಟಿನಲ್ಲಿ ಹಣಮಂತರಾಯ ಆ ಮಾತು ಹೇಳುವಾಗ ಎದುರಿಗೆ ನಿಂತು ಪ್ರಶ್ನೆ ಕೇಳುತ್ತಿದ್ದವನು ನಾನೇ. ಮುಂದಿನ ಪ್ರಶ್ನೆಯನ್ನು ಎಷ್ಟು ಗತ್ತಿನಿಂದ ಕೇಳಲಿ ಎಂಬ ಯೋಚನೆಯಲ್ಲಿದ್ದೆ.

ಮರುದಿನ ನಮ್ಮ ವಕೀಲರ ಕೋಣೆಯಲ್ಲಿ ಸಾಯಬಣ್ಣ ಎಲ್ಲರಿಗೂ ಪೇಢೆ ಹಂಚಿದ. ನನಗೆ ಎರಡು ಕೊಟ್ಟ. ಕನಿಕರದ ಆ ಎರಡನೆಯದನ್ನೇ ತಡೆಯಲಾಗಲಿಲ್ಲ. ಎದ್ದು ಮೇಜು ಗುದ್ದಿ, "ವಿರೂಪಾಕ್ಷಪ್ಪನವರ, ಇನ್ನೊಮ್ಮಿ ನನ್ನ ಪಕ್ಷಗಾರಗ ಕೈ ಹಚ್ಚಿದ್ರ ನಿಮ್ಮ ಕೈ ಮುರದು ಕೊಡ್ತೀನಿ," ಎಂದುಬಿಟ್ಟೆ.

ವಿರೂಪಾಕ್ಷಪ್ಪನವರು ಬರೆಯುತ್ತಿದ್ದ ಸಾಲನ್ನು ಮುಗಿಸಿ, ಸುತ್ತ ನೋಡಿ, "ಯಾರಿಗರ ಅಂಜಿಕಿ ಆತೇನ್ರಿ?" ಎಂದು ವಿಚಾರಿಸಿದರು.

ಯಾರಿಗೂ ಆಗಿರಲಿಲ್ಲ. ಮೂಲೆಯಲ್ಲಿ ಹಿರಿಯ ವಕೀಲರೊಬ್ಬರು ನಿದ್ದೆಯಿಂದ ಕೂಡ ಎದ್ದಿರಲಿಲ್ಲ. ಸಾಯಬಣ್ಣನಂತೂ ಪಾಪ, ನನ್ನ ಬೆನ್ನು ಸವರಿ ಇನ್ನೊಂದು ಪೇಢೆ ಕೊಟ್ಟ.

ಅಂದಿನಿಂದ ವಿರೂಪಾಕ್ಷಪ್ಪನವರ ಮೇಲಿನ ನನ್ನ ಹೊಟ್ಟೆಕಿಚ್ಚು ಸ್ವಲ್ಪ ತಗ್ಗಿದೆ. ಈಗ ಉರಿಯೆಲ್ಲ ಸಾಯಬಣ್ಣನ ಮೇಲೆ. ಅಪೀಲಿನಲ್ಲಿ ಸಜೆ ರದ್ದಾದರೇನಂತೆ, ಅವನ ಬೆದರಿಕೆಯನ್ನು ಕೆಳಗಿನ ಕೋರ್ಟಾದರೂ ನಂಬಿತ್ತು.